ಪಾದ್ರಿಗಳ ಕಾಲೇಜಿಗೆ ರಿಯಾಲಿನ ಅಪ್ಪಂದಿರು

ಮಗಳು ಹನ್ನೆರಡನೇ ಕ್ಲಾಸಿಗೆ ಬಂದಳೆಂದರೆ ಗಲ್ಫಿನ ಅಪ್ಪಂದಿರಿಗೆ ಇದ್ದಕ್ಕಿದ್ದಂತೆ ದೇವರ ಮೇಲೆ ಭಕ್ತಿ ಉಕ್ಕುತ್ತದೆ. ಯಾವ ದೇವರ ಮೇಲೆ ಅಂತ ಮಾತ್ರ ಕೇಳಬೇಡಿ; ಆ ವಾರ ಯಾವ ಕಾಲೇಜಿನ ಅರ್ಜಿ ತುಂಬುತ್ತಿದ್ದಾರೋ ಆ ದೇವರ ಮೇಲೆ. ನಮ್ಮ ಬಂಟ್ವಾಳದವರನ್ನೇ ನೋಡಿ. ಸೌದಿಯ ದಮ್ಮಾಮಿನ ಕಾರ್ಖಾನೆಯೊಂದರಲ್ಲಿ ಸ್ಟೋರ್ ನೋಡಿಕೊಳ್ಳುತ್ತಾರೆ. ಪರ್ಸಿನಲ್ಲಿ ಕಟೀಲು ಅಮ್ಮನ ಫೋಟೋ. ಊರಿಗೆ ಹೋದಾಗೆಲ್ಲ ನಮ್ಮ ಹರಕೆಯ ಯಕ್ಷಗಾನ ಆಟದ ಸರದಿ ಎಲ್ಲಿಗೆ ಬಂತು ಅಂತ ವಿಚಾರಿಸಿ ಬರುವ ಆಸಾಮಿ. ಇಂಥವರು ಮೊನ್ನೆ ಶುಕ್ರವಾರ ಬಿರಿಯಾನಿ ಮುಗಿದು ಸುಲೈಮಾನಿ ಚಾ ಬರುವ ಹೊತ್ತಿಗೆ ದನಿ ತಗ್ಗಿಸಿ ಕೇಳಿದರು: "ಅಲ್ಲ ಮಾರಾಯ್ರೆ, ಈ ಕ್ರೈಸ್ಟ್ ಯೂನಿವರ್ಸಿಟಿಗೆ ಹಾಕುವಾಗ ಧರ್ಮದ ಕಾಲಮ್ಮಿನಲ್ಲಿ ಎಂತ ಬರೆದ್ರೆ ಸೇಫು?"

"ಇಕಾಮಾದಲ್ಲಿ ಎಂತ ಉಂಟೋ ಅದನ್ನೇ ಬರೀರಿ," ಅಂದರು ಉಳ್ಳಾಲದ ಹಾಜಿಯವರು. "ಇಲ್ಲೊಂದು ಅಲ್ಲೊಂದು ಬರೆದ್ರೆ ಎರಡೂ ಕಡೆ ಸಿಕ್ಕಿಬೀಳ್ತೀರಿ."

ನಾವಿಲ್ಲಿ ಒಬ್ಬರನ್ನೊಬ್ಬರು ಕರೆಯುವುದು ಊರಿನ ಹೆಸರಿನಿಂದಲೇ. ಪಾಸ್‌ಪೋರ್ಟಿನಲ್ಲಿರುವ ಹೆಸರು ಕಂಪನಿಗೆ, ಇಕಾಮಾ ಅನ್ನುವ ವಾಸದ ಪರವಾನಗಿಯ ನಂಬರು ಸರಕಾರಕ್ಕೆ. ಹಾಜಿಯವರ ಮಾತಿಗೆ ನಮ್ಮ ಕೂಟದಲ್ಲಿ ಒಂದು ತೂಕ ಜಾಸ್ತಿ, ಏಕೆಂದರೆ ಅವರು ಓದಿದ್ದು ಮಂಗಳೂರಿನ ಜೆಸ್ವಿಟ್ ಪಾದ್ರಿಗಳ ಕಾಲೇಜಾದ ಅಲೋಶಿಯಸ್‌ನಲ್ಲಿ. ಅವರ ಮಾವನೂ ಅಲ್ಲೇ, ಮಗನೂ ಅಲ್ಲೇ. "ಚಾಪೆಲಿನ ಗೋಡೆ ಮೇಲಿನ ಚಿತ್ರ ನೋಡ್ತಾ ನೋಡ್ತಾ ಡಿಗ್ರಿ ಮುಗಿಸಿದವರು ನಾವು. ಒಂದು ಹೊತ್ತಿನ ನಮಾಜು ತಪ್ಪಿದ್ದುಂಟಾ ಕೇಳಿ" ಅನ್ನುತ್ತಾರೆ. ತಪ್ಪಿದ್ದುಂಟೋ ಇಲ್ಲವೋ, ಕೇಳುವ ಧೈರ್ಯ ಯಾರಿಗೂ ಇಲ್ಲ. ಚರ್ಚು ಅನ್ನುವ ಕಟ್ಟಡವೇ ಇಲ್ಲದ ದೇಶದಲ್ಲಿ ಕೂತು, ಕಟೀಲಿನ ಭಕ್ತರೊಬ್ಬರು ಪಾದ್ರಿಗಳ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಲು ಹಾಜಿಯವರ ಸಲಹೆ ಕೇಳುವುದನ್ನು ನಮ್ಮ ಕರಾವಳಿಯವರಲ್ಲದೆ ಬೇರೆ ಯಾರೂ ಇಷ್ಟು ಸಲೀಸಾಗಿ ಮಾಡಲಾರರು.

ಹಾಗಂತ ಬಂಟ್ವಾಳದವರ ಭಯಕ್ಕೆ ಬುಡವೇ ಇಲ್ಲ ಎನ್ನುವಂತಿಲ್ಲ. ಅಲ್ಪಸಂಖ್ಯಾತರು ತಮ್ಮ ಸಂಸ್ಥೆ ಕಟ್ಟಿ ತಾವೇ ನಡೆಸಿಕೊಳ್ಳಬಹುದು ಅನ್ನುತ್ತದೆ ಸಂವಿಧಾನದ 30ನೇ ವಿಧಿ. ನಡೆಸುವವರು ತಮ್ಮ ಮಂದಿಗೆ ಒಂದಷ್ಟು ಸೀಟು ಎತ್ತಿಡುತ್ತಾರೆ, ಸಹಜ. ದೆಹಲಿಯ ಸೇಂಟ್ ಸ್ಟೀಫನ್ಸ್ ಕಾಲೇಜು ಈ ಹಕ್ಕಿಗಾಗಿ ಸುಪ್ರೀಂ ಕೋರ್ಟಿನವರೆಗೆ ಹೋಗಿ 1991ರಲ್ಲಿ ಗೆದ್ದು ಬಂತು. ಹನ್ನೊಂದು ವರ್ಷ ಬಿಟ್ಟು, 2002ರಲ್ಲಿ, 11 ಮಂದಿ ನ್ಯಾಯಮೂರ್ತಿಗಳು ಕೂತು ಇದೇ ವಿಷಯಕ್ಕೆ ದಪ್ಪ ತೀರ್ಪೊಂದನ್ನು ಬರೆದರು. ಅದರ ಹೆಸರು ಟಿ.ಎಂ.ಎ. ಪೈ ಫೌಂಡೇಶನ್ ಮೊಕದ್ದಮೆ. ಅಂದರೆ ದೇಶದ ಕ್ರಿಶ್ಚಿಯನ್ ಕಾಲೇಜುಗಳು ತಮ್ಮ ಹಕ್ಕಿನ ಪ್ರಶ್ನೆ ಬಂದಾಗೆಲ್ಲ ಬಗಲಲ್ಲಿ ಹಿಡಿದುಕೊಂಡು ಹೋಗುವುದು ಮಣಿಪಾಲದ ಪೈಗಳ ಹೆಸರನ್ನು. ಇದನ್ನು ಹೇಳಿದಾಗ ಬಂಟ್ವಾಳದವರ ಎದೆ ಎರಡಂಗುಲ ಉಬ್ಬಿತು. "ನಮ್ಮ ಜಿಲ್ಲೆಯವರಲ್ವಾ!" ಅಂದರು. ಮಣಿಪಾಲ ಈಗ ಉಡುಪಿ ಜಿಲ್ಲೆ ಎಂದು ನೆನಪಿಸಿದೆ. ಇಪ್ಪತ್ತೈದು ವರ್ಷಕ್ಕೂ ಹಿಂದಿನ ವಿಭಜನೆಯನ್ನು ಗಲ್ಫಿನ ದಕ್ಷಿಣ ಕನ್ನಡದವರು ಇನ್ನೂ ಒಪ್ಪಿಕೊಂಡಂತಿಲ್ಲ.

ಅದೇ ಸಂವಿಧಾನದ 28ನೇ ವಿಧಿಯನ್ನೂ ಹೇಳಿದೆ. ಸರಕಾರದ ಮಾನ್ಯತೆ ಪಡೆದ ಯಾವ ಸಂಸ್ಥೆಯೂ ಯಾರನ್ನೂ ಅವರ ಒಪ್ಪಿಗೆಯಿಲ್ಲದೆ ಧರ್ಮಬೋಧನೆಗಾಗಲಿ ಪೂಜೆ-ಪ್ರಾರ್ಥನೆಗಾಗಲಿ ಕೂರಿಸುವಂತಿಲ್ಲ. ಹದಿನೆಂಟು ತುಂಬದವರಾದರೆ ಪೋಷಕರ ಒಪ್ಪಿಗೆ ಬೇಕು. ಸಮಾಧಾನವಾದೀತೆಂದು ನಾನು ಹೇಳಿದರೆ ಬಂಟ್ವಾಳದವರ ಮುಖ ಬಾಡಿತು. "ಹಾಗಾದ್ರೆ ಮಗಳಿಗೆ ಬೈಬಲ್ ಕತೆ ಓದಿಸಿದ್ದು ದಂಡವಾ?" ಇಂಟರ್‌ವ್ಯೂನಲ್ಲಿ ಕೇಳಿದರೆ ಇರಲಿ ಅಂತ ಎರಡು ತಿಂಗಳಿಂದ ಗುಟ್ಟಾಗಿ ತಯಾರಿ ನಡೆಸಿದ್ದರಂತೆ. ಹುಡುಗಿಗೆ ದಾರಿತಪ್ಪಿದ ಮಗನ ಕತೆ ಬಾಯಿಪಾಠ. ಹೋಗಲಿ ಬಿಡಿ, ಹಾಸ್ಟೆಲಿನಲ್ಲಿ ಉಪಯೋಗಕ್ಕೆ ಬಂದೀತು.

ನಿಜ ಹೇಳಬೇಕೆಂದರೆ ಕ್ರೈಸ್ಟ್‌ನವರಿಗೆ ಬೇಕಾದ್ದು ಬೇರೆ. ಕೇರಳದ ಕಾರ್ಮೆಲೈಟ್ ಪಾದ್ರಿಗಳು 1969ರಲ್ಲಿ ಬೆಂಗಳೂರಿನ ಹೊಸೂರು ರಸ್ತೆಯಲ್ಲಿ ಶುರು ಮಾಡಿದ ಕಾಲೇಜು ಅದು. 2008ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯವಾಯಿತು. 2017ರಲ್ಲಿ ಡೀಮ್ಡ್ ಸಂಸ್ಥೆಗಳು ಹೆಸರಿನಲ್ಲಿ ಯೂನಿವರ್ಸಿಟಿ ಅನ್ನುವ ಪದ ಇಟ್ಟುಕೊಳ್ಳಬಾರದು ಎಂದು ಸುಪ್ರೀಂ ಕೋರ್ಟ್ ಹೇಳಿದ ಮೇಲೆ, ಹೆಸರು ಬರೀ ಕ್ರೈಸ್ಟ್. 'ಡೀಮ್ಡ್ ಟು ಬಿ ಯೂನಿವರ್ಸಿಟಿ' ಅನ್ನುವುದು ಪಕ್ಕದ ಆವರಣದೊಳಗೆ ಹೋಗಿ ಕೂತಿದೆ. ಒಳಗೆ ಹೋಗಲು ಅವರದೇ ಪ್ರವೇಶ ಪರೀಕ್ಷೆ, ಮೇಲೊಂದು ಕಿರು ಭಾಷಣ, ಮೇಲೆ ಸಂದರ್ಶನ, ಜೊತೆಗೆ ಹಳೆಯ ಅಂಕಪಟ್ಟಿ. ಈ ಪ್ರವೇಶ ಪರೀಕ್ಷೆಯ ಹೆಸರಿನ ಮೊದಲಕ್ಷರ ಕೂಡಿಸಿದರೆ ಸಿಯುಇಟಿ. ಕೇಂದ್ರ ಸರಕಾರ 2022ರಲ್ಲಿ ಪದವಿ ಪ್ರವೇಶಕ್ಕೆ ತಂದ ದೇಶವ್ಯಾಪಿ ಪರೀಕ್ಷೆಯೂ ಸಿಯುಇಟಿಯೇ. ಎರಡಕ್ಕೂ ಸಂಬಂಧವಿಲ್ಲ. ನಮ್ಮ ಕಟ್ಟಡದ ಮೂರನೇ ಮಹಡಿಯಲ್ಲಿರುವ ದಾವಣಗೆರೆಯವರು ಮಗನಿಗೆ ದೆಹಲಿಯ ಸಿಯುಇಟಿ ಪುಸ್ತಕಗಳನ್ನು ಊರಿಂದ ತರಿಸಿ, ನಾಲ್ಕು ತಿಂಗಳು ಓದಿಸಿ, ಆಮೇಲೆ ಗೊತ್ತಾಗಿ, ಈಗ ಆ ಪುಸ್ತಕ ಬೇಕಾ ಅಂತ ವಾಟ್ಸ್ಯಾಪ್ ಗುಂಪಿನಲ್ಲಿ ಕೇಳುತ್ತಿದ್ದಾರೆ. ಹೊಸದರ ಹಾಗೇ ಇವೆಯಂತೆ. ನಾಲ್ಕು ತಿಂಗಳು ಓದಿದ ಪುಸ್ತಕ ಹೊಸದರ ಹಾಗೆ ಹೇಗಿದೆ ಅಂತ ಯಾರೂ ಕೇಳಲಿಲ್ಲ.

ಊರಿಗೆ ಕಳಿಸಲೇಬೇಕಾ, ಇಲ್ಲೇ ಓದಿಸಬಾರದಾ ಅಂತ ಊರಿನವರು ಕೇಳುತ್ತಾರೆ. 2017ರ ಜುಲೈಯಿಂದ ಇಲ್ಲಿ ಅವಲಂಬಿತರ ಶುಲ್ಕ ಅಂತ ಒಂದು ಬಂದಿದೆ. ಮೊದಲ ವರ್ಷ ತಲೆಗೆ ತಿಂಗಳಿಗೆ 100 ರಿಯಾಲ್, ವರ್ಷಕ್ಕೆ ನೂರರಂತೆ ಏರಿ 2020ಕ್ಕೆ 400. ಹೆಂಡತಿ, ಇಬ್ಬರು ಮಕ್ಕಳು ಇದ್ದರೆ ತಿಂಗಳಿಗೆ 1200 ರಿಯಾಲು ಬರೀ ಉಸಿರಾಡಿದ್ದಕ್ಕೆ. ದಹ್ರಾನಿನಲ್ಲಿ ಕಿಂಗ್ ಫಹದ್ ವಿಶ್ವವಿದ್ಯಾಲಯ ಇದೆ, 1963ರದ್ದು, ಪಾಠವೆಲ್ಲ ಇಂಗ್ಲಿಷಿನಲ್ಲೇ. ಅದರ ಗೋಪುರ ನಮಗೆ ಹೈವೇಯಿಂದ ಚೆನ್ನಾಗಿ ಕಾಣುತ್ತದೆ. ಸ್ಟೋರ್ ಇನ್‌ಚಾರ್ಜಿನ ಮಕ್ಕಳಿಗೆ ಅದು ಕಾಣುವುದಕ್ಕೆ ಮಾತ್ರ ಅಂತ ಬಂಟ್ವಾಳದವರು ಎಂದೋ ತೀರ್ಮಾನಿಸಿಬಿಟ್ಟಿದ್ದಾರೆ.

ಇಷ್ಟಾದರೆ ಕತೆ ಮುಗಿಯುತ್ತಿತ್ತು. ಆದರೆ ಬಂಟ್ವಾಳದವರ ಬಾಸ್ ಟೆಕ್ಸಸ್ಸಿನವನು. ಅವನೊಂದು ದಿನ ಬಾಯಿ ತಪ್ಪಿ ಬೇಲರ್ ವಿಶ್ವವಿದ್ಯಾಲಯದ ಹೆಸರು ಹೇಳಿದ. ಟೆಕ್ಸಸ್ ಇನ್ನೂ ಅಮೆರಿಕಕ್ಕೆ ಸೇರದೆ ತಾನೇ ಒಂದು ದೇಶವಾಗಿದ್ದಾಗ, 1845ರಲ್ಲಿ, ಬ್ಯಾಪ್ಟಿಸ್ಟರು ಹುಟ್ಟುಹಾಕಿದ ಸಂಸ್ಥೆ. ಯಾವ ಧರ್ಮದವರೂ ಸೇರಬಹುದು, ಆದರೆ ಎರಡು ಸೆಮಿಸ್ಟರ್ ಚಾಪೆಲ್, ಎರಡು ಧರ್ಮದ ಪಾಠ ಎಲ್ಲರಿಗೂ ಉಂಟು. ಅಲ್ಲಿ ನಮ್ಮ 28ನೇ ವಿಧಿ ನಡೆಯುವುದಿಲ್ಲ. ದಾರಿತಪ್ಪಿದ ಮಗನ ಕತೆ ಕೊನೆಗೂ ಕೆಲಸಕ್ಕೆ ಬಂತು ಅಂತ ಬಂಟ್ವಾಳದವರು ಕುಣಿದಾಡಿದರು. ಆ ಹುಮ್ಮಸ್ಸಿನಲ್ಲಿ ಇನ್ನೂ ನಾಲ್ಕು ಕಾಲೇಜು ಹುಡುಕಿದಾಗ ಒಂದು ಕಡೆ ಸಿಕ್ಕಿಬಿದ್ದರು. ಅಮೆರಿಕದ ಕೆಲವು ಕಟ್ಟಾ ಇವಾಂಜೆಲಿಕಲ್ ಕಾಲೇಜುಗಳು ಅರ್ಜಿದಾರರ ನಂಬಿಕೆಯ ಬಗ್ಗೆ ಒಂದು ಹೇಳಿಕೆ, ಜೊತೆಗೆ ಅವರ ಚರ್ಚಿನ ಪಾಸ್ಟರರಿಂದ ಶಿಫಾರಸು ಪತ್ರ ಕೇಳುತ್ತವೆ.

"ಪಾಸ್ಟರನ್ನು ನಾನು ದಮ್ಮಾಮಿನಲ್ಲಿ ಎಲ್ಲಿಂದ ತರ್ಲಿ?"

ಹಾಜಿಯವರು ಸುಲೈಮಾನಿ ಊದಿಕೊಳ್ಳುತ್ತಾ ಕೇಳಿದರು: "ಇಮಾಮರದ್ದು ನಡೀತದಾ ಕೇಳಿ. ನನಗೆ ಪರಿಚಯ ಉಂಟು."

ನಗಬೇಡಿ. ಸೌದಿಯವರಿಗೆ ಕ್ರಿಶ್ಚಿಯನ್ ವಿಶ್ವವಿದ್ಯಾಲಯ ಹೊಸದೇನಲ್ಲ. 2005ರಲ್ಲಿ ಕಿಂಗ್ ಅಬ್ದುಲ್ಲಾ ಹೆಸರಿನ ವಿದ್ಯಾರ್ಥಿವೇತನ ಶುರುವಾದ ಮೇಲೆ ಸೌದಿ ಹುಡುಗರು ಸಾವಿರಗಟ್ಟಲೆ ಅಮೆರಿಕಕ್ಕೆ ಹೋದರು. ಅವರಲ್ಲಿ ಎಷ್ಟೋ ಜನ ಕ್ಯಾಥೊಲಿಕ್ ವಿಶ್ವವಿದ್ಯಾಲಯಗಳಲ್ಲೇ ಓದಿದರು, ಅದಕ್ಕೂ ಮುಂಚೆ ಅಲ್ಲೇ ಕೂತು ಇಂಗ್ಲಿಷ್ ಕಲಿತರು. ಅದೇ ವರ್ಷ ರಾಜಕುಮಾರ ಅಲ್‌ವಲೀದ್ ಬಿನ್ ತಲಾಲ್ ಜೆಸ್ವಿಟರ ಜಾರ್ಜ್‌ಟೌನ್ ವಿಶ್ವವಿದ್ಯಾಲಯಕ್ಕೆ 2 ಕೋಟಿ ಡಾಲರ್ ಕೊಟ್ಟರು, ಮುಸ್ಲಿಮರೂ ಕ್ರಿಶ್ಚಿಯನ್ನರೂ ಪರಸ್ಪರ ಅರಿತುಕೊಳ್ಳುವುದಕ್ಕೆ ಅಂತ. ಜಾರ್ಜ್‌ಟೌನ್ ಇನ್ನೂ ಒಂದು ಹೆಜ್ಜೆ ಮುಂದೆ ಬಂದು ಅದೇ 2005ರಲ್ಲಿ ಪಕ್ಕದ ದೋಹಾದಲ್ಲೇ ಕ್ಯಾಂಪಸ್ ತೆರೆಯಿತು. 1789ರ ಜೆಸ್ವಿಟ್ ಸಂಸ್ಥೆ, ಕತಾರಿನ ಮರಳಿನ ಮೇಲೆ! ಈ ಸುದ್ದಿ ಹೇಳಿದಾಗ ಹಾಜಿಯವರು ಲೆಕ್ಕ ಹಾಕಿ, "ಹಾಗಾದ್ರೆ ನಮ್ಮ ಅಲೋಶಿಯಸ್‌ಗೆ ದೊಡ್ಡಪ್ಪ ಆಗ್ಬೇಕು" ಅಂದರು.

ಧರ್ಮ ಹೇಗೋ ಸುಧಾರಿಸುತ್ತದೆ. ಸುಧಾರಿಸದೇ ಇರುವುದು ಇಂಗ್ಲಿಷು. ಸಿಬಿಎಸ್‌ಇ ಓದಿದ ಭಾರತದ ಪಾಸ್‌ಪೋರ್ಟಿನ ಮಕ್ಕಳಿಗೆ ಬೆಂಗಳೂರಿನವರು ಐಇಎಲ್‌ಟಿಎಸ್, ಟೋಫೆಲ್ ಅಂತ ಪೀಡಿಸುವುದಿಲ್ಲ. ಪ್ರವೇಶ ಪರೀಕ್ಷೆಯಲ್ಲೇ ಇಂಗ್ಲಿಷಿನ ಭಾಗ ಮುಗಿಸಿಕೊಳ್ಳುತ್ತಾರೆ. ಕಡಲು ದಾಟಿ ಹೋಗುವವರಿಗೆ ಮಾತ್ರ ಆ ಪರೀಕ್ಷೆಯ ಅಂಕ, ಅಂದರೆ ಬ್ಯಾಂಡು, ಬೇಕು. ಆರೂವರೆ ಬ್ಯಾಂಡ್ ಬಂದರೆ ಹೆಚ್ಚಿನ ಕಡೆ ನಡೆಯುತ್ತದೆ. ಬಂಟ್ವಾಳದವರ ಮಗಳು ಎಂಥವಳು ಅಂದರೆ, ಬಾಲವಾಡಿಯಿಂದ ಹನ್ನೆರಡರವರೆಗೆ ಇಂಗ್ಲಿಷ್ ಮಾಧ್ಯಮ. ಜಗಳ ಇಂಗ್ಲಿಷಿನಲ್ಲಿ, ಅಳು ಇಂಗ್ಲಿಷಿನಲ್ಲಿ. ಜ್ವರ ಬಂದಾಗ ಕನವರಿಸಿದ್ದೂ ಇಂಗ್ಲಿಷಿನಲ್ಲೇ ಅಂತ ಅವಳ ಅಮ್ಮ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಊರಿನ ಅಜ್ಜಿ ಫೋನಿನಲ್ಲಿ ತುಳುವಿನಲ್ಲಿ ಊಟ ಆಯಿತಾ ಕೇಳಿದರೆ ಹುಡುಗಿ ಅಮ್ಮನ ಮುಖ ನೋಡುತ್ತಾಳೆ. ಇಂಥವಳಿಗೆ ಇಂಗ್ಲಿಷ್ ಬರುತ್ತದೆ ಅನ್ನುವುದಕ್ಕೆ ಸಾಕ್ಷಿ ಬೇಕಂತೆ.

ಸಾಕ್ಷಿ ಎರಡು ಬಗೆ. ಒಂದು, ಶಾಲೆಯಿಂದ ಮಾಧ್ಯಮದ ಪತ್ರ. ನಮ್ಮಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲೇ ನಡೆದಿದೆ ಎಂದು ಪ್ರಿನ್ಸಿಪಾಲರು ಲೆಟರ್‌ಹೆಡ್ಡಿನಲ್ಲಿ ಬರೆದು ಸೀಲು ಒತ್ತಿಕೊಡುವುದು. ಕೆಲವು ವಿಶ್ವವಿದ್ಯಾಲಯಗಳು ಇದನ್ನು ಒಪ್ಪುತ್ತವೆ, ಕೆಲವು ಮೂಸಿಯೂ ನೋಡುವುದಿಲ್ಲ. ಮೂಸದೇ ಇರುವವರನ್ನು ನಾನು ದೂರುವುದಿಲ್ಲ. ಅಂಥ ಪತ್ರವೊಂದನ್ನು ನಾನೇ ನೋಡಿದ್ದೇನೆ: 'ದಿ ಮೀಡಿಯಂ ಆಫ್ ಇನ್‌ಸ್ಟ್ರಕ್ಷನ್ ವರ್ ಇಂಗ್ಲಿಷ್ ಓನ್ಲಿ.' ಯಾವ ಶಾಲೆ ಅಂತ ಬಾಯಿ ಬಿಡುವುದಿಲ್ಲ. ಇನ್ನೊಂದು ಸಾಕ್ಷಿ, ಪರೀಕ್ಷೆಯೇ. ಐಇಎಲ್‌ಟಿಎಸ್‌ನಲ್ಲಿ ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು ಅಂತ ನಾಲ್ಕು. ಓದುವುದಕ್ಕೆ ಒಂದು ಗಂಟೆಯಲ್ಲಿ 40 ಪ್ರಶ್ನೆ. ಬರೆಯುವುದಕ್ಕೆ ಇನ್ನೊಂದು ಗಂಟೆ, ಒಂದು 150 ಪದದ್ದು, ಒಂದು 250 ಪದದ್ದು. ಮಾತಿಗೆ 11ರಿಂದ 14 ನಿಮಿಷ, ಅದರ ನಡುವೆ ಕೈಗೊಂದು ಚೀಟಿ ಕೊಟ್ಟು, ಒಂದು ನಿಮಿಷ ಯೋಚಿಸಲು ಬಿಟ್ಟು, ಎರಡು ನಿಮಿಷದವರೆಗೆ ಒಂದೇ ಸಮ ಮಾತಾಡಿಸುತ್ತಾರೆ. ಈಗಿನ ಮಕ್ಕಳಿಗೆ ಇದೇ ಕಷ್ಟ. ಎರಡು ನಿಮಿಷ ಒಂದೇ ವಿಷಯ ಮಾತಾಡುವುದು ಅವರಿಗೆ ಯಾವ ಭಾಷೆಯಲ್ಲೂ ಆಗುವುದಿಲ್ಲ.

ಪರೀಕ್ಷೆ ಇಡಬೇಕಾದ್ದು ನಮ್ಮಂಥ ಅಪ್ಪಂದಿರಿಗೆ. ಬಂಟ್ವಾಳದವರು ಸ್ಟೋರಿನಲ್ಲಿ ಫೋನ್ ಹಿಡಿದಾಗ ಕೇಳಬೇಕು ನೀವು. "ಹಲೋ ಮೈ ಫ್ರೆಂಡ್, ದಿಸ್ ವಾಲ್ವ್ ಸೇಮ್ ಸೇಮ್ ದಟ್ ವಾಲ್ವ್, ಬಟ್ ಮಾಫಿ ವರ್ಕಿಂಗ್. ಮುದೀರ್ ಟೆಲ್ಲಿಂಗ್ ಟುಡೇ ಖಲಾಸ್, ಟುಮಾರೊ ಕಮಿಂಗ್, ಇನ್‌ಶಾ ಅಲ್ಲಾ." ಆ ಕಡೆ ಕೇಳುವವನು ಫಿಲಿಪೀನ್ಸಿನವನು, ಅವನ ಪಕ್ಕ ಪೇಶಾವರದವನು, ಬಿಲ್ಲಿಗೆ ಸಹಿ ಹಾಕುವವನು ಕೈರೋದವನು. ಎಲ್ಲರಿಗೂ ಅರ್ಥವಾಗುತ್ತದೆ, ವಾಲ್ವು ಮಾರನೇ ದಿನ ಬರುತ್ತದೆ, ಜಗತ್ತಿಗೆ ಎಣ್ಣೆ ಹರಿಯುತ್ತದೆ. ಈ ಇಂಗ್ಲಿಷಿಗೆ ಎಷ್ಟು ಬ್ಯಾಂಡು ಕೊಡುತ್ತೀರಿ? ಟೆಕ್ಸಸ್ಸಿನ ಬಾಸ್ ಕೂಡ ಈಗ ಹೀಗೇ ಮಾತಾಡುತ್ತಾನೆ. ಹದಿನಾರು ವರ್ಷದ ಸಹವಾಸ. ಅವನನ್ನು ಕರಕೊಂಡು ಹೋಗಿ ಪರೀಕ್ಷೆಗೆ ಕೂರಿಸಿದರೆ ಆರೂವರೆ ದಾಟುತ್ತಾನೋ ಇಲ್ಲವೋ ನನಗೆ ಅನುಮಾನ.

ನನಗೆ ಇದರಲ್ಲಿ ಎಲ್ಲಕ್ಕಿಂತ ಮಜಾ ಕಾಣುವುದು ಇನ್ನೊಂದು ವಿಷಯ. ನಾನು ಇಲ್ಲಿ ಹೆಸರು ಹೇಳಿದ ನಮ್ಮ ಕಡೆಯ ಪಾದ್ರಿಗಳ ಕಾಲೇಜುಗಳನ್ನು ಕಟ್ಟಿದವರಿಗೆ ಯಾರಿಗೂ ಇಂಗ್ಲಿಷ್ ಮನೆಮಾತಲ್ಲ. ಅಲೋಶಿಯಸ್ ಕಟ್ಟಿದ ಜೆಸ್ವಿಟರು 1878ರ ಕಡೆಯ ದಿನ ಮಂಗಳೂರಿಗೆ ಬಂದಿಳಿದ ಇಟಲಿಯವರು. 1880ಕ್ಕೆ ಕಾಲೇಜು ಶುರು ಮಾಡಿಬಿಟ್ಟರು. ಬೆಂಗಳೂರಿನ ಸೇಂಟ್ ಜೋಸೆಫ್ಸ್, 1882ರದ್ದು, ಫ್ರೆಂಚ್ ಪಾದ್ರಿಗಳ ಕೆಲಸ. ಕ್ರೈಸ್ಟ್‌ನವರ ಮೂಲಪುರುಷ ಚಾವರ ಕುರಿಯಾಕೋಸ್ ಏಲಿಯಾಸ್ ಮಲಯಾಳದವರು, 1846ರಲ್ಲಿ ಮಾನ್ನಾನಂನಲ್ಲಿ ಅವರು ತೆರೆದದ್ದು ಸಂಸ್ಕೃತ ಶಾಲೆ. ಆಗಿನ ಕಾಲಕ್ಕೆ ಒಬ್ಬ ಬಿಗಿ ಪರೀಕ್ಷಕ ಬಂದು, ಇಟಲಿಯ ಆ ಫಾದರ್‌ಗಳ ಕೈಗೆ ಚೀಟಿ ಕೊಟ್ಟು, ಎರಡು ನಿಮಿಷ ನಿಮ್ಮ ಊರಿನ ಬಗ್ಗೆ ಇಂಗ್ಲಿಷಿನಲ್ಲಿ ಮಾತಾಡಿ ಅಂದಿದ್ದರೆ, ಅಲೋಶಿಯಸ್ ಇರುವ ಬಾವುಟಗುಡ್ಡೆಯ ಮೇಲೆ ಇವತ್ತು ತೆಂಗಿನ ತೋಟ ಇರುತ್ತಿತ್ತು. ಈಗ ನೋಡಿ, ಸೇಂಟ್ ಜೋಸೆಫ್ಸ್ 2022ರಲ್ಲಿ ವಿಶ್ವವಿದ್ಯಾಲಯವಾಗಿದೆ, ಅಲೋಶಿಯಸ್ 2024ರಲ್ಲಿ ಡೀಮ್ಡ್ ಆಗಿದೆ.

ಬಾಸೆಲ್ ಮಿಶನ್ನಿನವರದ್ದು ಇನ್ನೂ ದೊಡ್ಡ ಕತೆ. 1834ರಲ್ಲಿ ಮಂಗಳೂರಿಗೆ ಬಂದ ಆ ಜರ್ಮನ್ ಮಾತಿನ ಮಂದಿ ಇಂಗ್ಲಿಷಿನ ಗೊಡವೆ ಬದಿಗಿಟ್ಟು ಕನ್ನಡಕ್ಕೆ ಬಿದ್ದರು. ಅವರಲ್ಲಿ ಮೋಗ್ಲಿಂಗ್ 1843ರಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆ ತೆಗೆದರು. 1853ರಲ್ಲಿ ಬಂದ ಕಿಟ್ಟೆಲ್ 1894ರಲ್ಲಿ ನಿಘಂಟು ಅಚ್ಚು ಹಾಕಿಸಿದರು, ಸುಮಾರು 70,000 ಪದಗಳದ್ದು. ಎರಡು ವರ್ಷ ಬಿಟ್ಟು ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಕರೆದು ಡಾಕ್ಟರೇಟ್ ಕೊಟ್ಟಿತು. ಕನ್ನಡ ಬಲ್ಲೆನೆಂದು ಸಾಬೀತು ಮಾಡಲು ಕಿಟ್ಟೆಲರಿಗೆ ನಲವತ್ತು ವರ್ಷ ಹಿಡಿಯಿತು. ನಮ್ಮ ಮಕ್ಕಳಿಗೆ ಇಂಗ್ಲಿಷ್ ಸಾಬೀತಿಗೆ ಹೆಚ್ಚೂಕಡಿಮೆ ಮೂರು ಗಂಟೆ ಸಾಕು.

ಕನ್ನಡದ ಸಾಬೀತು ಯಾರೂ ಕೇಳುವುದಿಲ್ಲ ಅಂದುಕೊಂಡಿರಾ? ಅದೂ ಉಂಟು. ನಮ್ಮ ಕೂಟದ ಕುಂಬಳೆಯವರು ಬಾಯಿ ಹಾಕಿದ್ದೇ ಆಗ. ಕಾಸರಗೋಡಿನಂಥ ಗಡಿನಾಡಿನ, ಹೊರನಾಡಿನ ಕನ್ನಡಿಗರ ಮಕ್ಕಳು ಕರ್ನಾಟಕದ ಸಿಇಟಿಯಲ್ಲಿ ಆ ಲೆಕ್ಕದ ಮೇಲೆ ಸೀಟು ಕೇಳಿದರೆ ಪರೀಕ್ಷಾ ಪ್ರಾಧಿಕಾರದವರು ಕನ್ನಡ ಪರೀಕ್ಷೆ ಇಡುತ್ತಾರೆ. ನಾಲ್ಕನೇ ತರಗತಿಯ ಮಟ್ಟದ್ದು. 50 ಅಂಕಕ್ಕೆ 12 ತೆಗೆದರೆ ಸಾಕು. ಕುಂಬಳೆಯವರ ಅಣ್ಣನ ಮಗ ಪಾಸಾದ ದಿನ ಊರಲ್ಲಿ ಹೋಳಿಗೆ ಊಟ ಹಾಕಿಸಿದ್ದರಂತೆ. ಇಂಗ್ಲಿಷಿಗೆ ಒಂಬತ್ತರಲ್ಲಿ ಆರೂವರೆ ಬೇಕು, ಕನ್ನಡಕ್ಕೆ ಐವತ್ತರಲ್ಲಿ ಹನ್ನೆರಡು. ಬಂಟ್ವಾಳದವರು ಕೂತಲ್ಲೇ ಮಗಳನ್ನು ಕರೆದು ಗೋಡೆಯ ಮೇಲಿನ ಮಂಗಳೂರು ಕ್ಯಾಲೆಂಡರು ತೋರಿಸಿ ಓದು ಅಂದರು. ಹುಡುಗಿ ಬುದ್ಧಿವಂತೆ, ಇಂಗ್ಲಿಷ್ ಅಂಕಿಗಳನ್ನೆಲ್ಲ ಸರಿಯಾಗಿ ಓದಿದಳು.

"ಹನ್ನೆರಡು ಬರ್ಲಿಕ್ಕಿಲ್ಲ," ಅಂದರು ಹಾಜಿಯವರು, ಸ್ವಲ್ಪ ಗಂಭೀರವಾಗಿ.

ನನ್ನ ಅಭಿಪ್ರಾಯ ಕೇಳುವುದಾದರೆ, ಹುಡುಗಿ ಹೊಸೂರು ರಸ್ತೆಗೆ ಹೋಗುವುದೇ ವಾಸಿ. ಹಾಜರಾತಿ ಬಿಗಿ, ಹಾಸ್ಟೆಲ್ ಬಿಗಿ, ಅದು ಗಲ್ಫಿನ ಅಪ್ಪಂದಿರಿಗೆ ಹಬ್ಬ. ಬಸ್ಸಿನ ಬೋರ್ಡಿನಿಂದಾದರೂ ನಾಲ್ಕು ಅಕ್ಷರ ಕನ್ನಡ ಕಲಿತಾಳು. ಬೇಲರ್ ಬೇಕೇ ಬೇಕೆಂದರೆ ಎರಡನೇ ಡಿಗ್ರಿಗೆ ಹೋಗಲಿ, ಅಷ್ಟರಲ್ಲಿ ಅಪ್ಪನ ಸಾಲವೂ ತೀರಿರುತ್ತದೆ.

ಅರ್ಜಿ ಹಾಕುವ ಅಪ್ಪಂದಿರಿಗೆ ಒಂದೆರಡು ಮಾತು. ಧರ್ಮದ ಕಾಲಮ್ಮಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. ಟಿ.ಸಿ., ಮೈಗ್ರೇಶನ್, ಅಂಕಪಟ್ಟಿ ಇವನ್ನು ಶಾಲೆಗೆ ರಜೆ ಬೀಳುವ ಮೊದಲೇ ಕೈಗೆ ತೆಗೆದುಕೊಳ್ಳಿ. ಸೌದಿ ಕಾಗದಪತ್ರಗಳಿಗೆ 2022ರ ಡಿಸೆಂಬರಿನಿಂದ ಅಪೋಸ್ಟಿಲ್ ನಡೆಯುತ್ತದೆ, ಹಳೆಯ ಕಾಲದ ಹಾಗೆ ಕಚೇರಿಯಿಂದ ಕಚೇರಿಗೆ ಸೀಲಿಗಾಗಿ ಅಲೆಯಬೇಕಾಗಿಲ್ಲ. ಮತ್ತೆ, ಪಕ್ಕದ ಮನೆಯವರು ಬರೆಸಿದರೆಂದು ಹತ್ತನೇ ಕ್ಲಾಸಿನಲ್ಲೇ ಮಕ್ಕಳಿಗೆ ಐಇಎಲ್‌ಟಿಎಸ್ ಬರೆಸಬೇಡಿ. ನಿಮ್ಮ ಮಗಳು ಎಷ್ಟೇ ಚೆನ್ನಾಗಿ ಬರೆದಿರಲಿ, ಆ ಇಂಗ್ಲಿಷು ಅಂಗಡಿಯ ಲಬನ್ ಮಜ್ಜಿಗೆ ಬಾಟಲಿಯ ಹಾಗೆ, ಮೇಲೆ ತಾರೀಕು ಒತ್ತಿಯೇ ಬರುತ್ತದೆ: ಎರಡು ವರ್ಷ ಕಳೆದರೆ ಅಂಕ ಲೆಕ್ಕಕ್ಕಿಲ್ಲ, ಮತ್ತೆ ದುಡ್ಡು ಕಟ್ಟಿ ಮತ್ತೆ ಬರೆಯಬೇಕು.